ಸಹಾಯ ಬೇಕು: ಆದಾಯ ತೆರಿಗೆಯ ಸೆಕ್ಷನ್ 44ಎಡಿಎ ಹಾಕಿದರೆ ಡೆಂಟಲ್ ಚೇರ್‌ನ ಸವಕಳಿ (ಬಳಕೆಯಿಂದ ವರ್ಷ ವರ್ಷ ಇಳಿಯುವ ಬೆಲೆ) ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ಗದಗದಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್ ಇದೆ. 2024-25ರ ರಿಟರ್ನ್ ಹಾಕಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ವರ್ಷದ ಒಟ್ಟು ಜಮೆ 32 ಲಕ್ಷ. ಬಾಡಿಗೆ, ಅಸಿಸ್ಟೆಂಟ್ ಹುಡುಗಿಯ ಪಗಾರ, ಸಾಮಾನು, ಕರೆಂಟ್, ಹುಬ್ಬಳ್ಳಿ ಲ್ಯಾಬ್‌ನಲ್ಲಿ ಮಾಡಿಸಿದ ಕ್ಯಾಪು-ಬ್ರಿಡ್ಜು ಎಲ್ಲಾ ಸೇರಿ ಖರ್ಚು 15.8 ಲಕ್ಷ. ಲ್ಯಾಬ್ ಬಿಲ್ಲುಗಳನ್ನು ಎರಡು ರಾತ್ರಿ ಕೂತು ಒಂದೊಂದಾಗಿ ಕೂಡಿಸಿದ್ದೇನೆ. ಪೇಷಂಟ್ ಹೆಸರು, ಹಲ್ಲಿನ ನಂಬರ್ ಸಮೇತ ಎಲ್ಲವೂ ಫೈಲ್‌ನಲ್ಲಿವೆ.

ನವೆಂಬರ್‌ನಲ್ಲಿ 6.4 ಲಕ್ಷಕ್ಕೆ ಹೊಸ ಚೇರ್ ತಗೊಂಡೆ. ಬಳಸಿದ್ದು 180 ದಿನಕ್ಕಿಂತ ಕಡಿಮೆ. ಹಾಗಾಗಿ ಸವಕಳಿ ಶೇ. 15ರ ಅರ್ಧ, ಅಂದರೆ 48,000. ಒಟ್ಟು ಕಳೆಯುವ ಮೊತ್ತ 16.28 ಲಕ್ಷ ಆಯಿತು.

44ಎಡಿಎ ಪ್ರಕಾರ ಖರ್ಚಿನ ಲೆಕ್ಕ ಕೊಡದೆಯೇ ಜಮೆಯ ಅರ್ಧ, 16 ಲಕ್ಷ, ಲಾಭ ಅಂತ ತೋರಿಸಿದರೆ ಸಾಕು. ಅದಕ್ಕಿಂತ ಕಡಿಮೆ ತೋರಿಸಿದರೆ ನನ್ನಂಥವರಿಗೆ ಆಡಿಟ್ ಕಡ್ಡಾಯ. ನನ್ನ ನಿಜವಾದ ಲಾಭ 15.72 ಲಕ್ಷ; ಬರೀ 28,000ದ ವ್ಯತ್ಯಾಸದ ಸಲುವಾಗಿ ಆಡಿಟ್ ಫೀಸ್ ಕೊಡುವುದು ಯಾಕೆ, ಅಲ್ವಾ? ಅದಕ್ಕೇ ಈ ವರ್ಷ 44ಎಡಿಎ ಅಂತ ನಿರ್ಧರಿಸಿದ್ದೇನೆ.

ತೊಡಕು ಇರುವುದು ಮುಂದಿನ ವರ್ಷದ್ದು. ಬಾಡಿಗೆ ಜಾಸ್ತಿಯಾಗಿದೆ, ಇನ್ನೊಬ್ಬ ಡಾಕ್ಟರ್‌ರನ್ನೂ ಇಟ್ಟುಕೊಂಡಿದ್ದೇನೆ, ಹಾಗಾಗಿ ಲಾಭ ಜಮೆಯ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಆಗ ಪೂರ್ತಿ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಲೇಬೇಕು. ನಮ್ಮ ಟ್ಯಾಕ್ಸ್ ನೋಡುವವರು, "ಈ ವರ್ಷ ಸವಕಳಿ ತಗೊಂಡೇ ಇಲ್ಲವಲ್ಲ, ಪೂರಾ 6.4 ಲಕ್ಷದಿಂದ ಶುರು ಮಾಡಿ" ಅನ್ನುತ್ತಾರೆ. ಧಾರವಾಡದ ನನ್ನ ಗೆಳತಿಯೂ ಡೆಂಟಿಸ್ಟ್. ಅವಳ ಪ್ರಕಾರ 48,000 ಕಳೆದ ಹಾಗೆಯೇ ಲೆಕ್ಕ, 5.92 ಲಕ್ಷದಿಂದ ಶುರು ಮಾಡಬೇಕು. ಇಬ್ಬರನ್ನೂ ಎರಡೆರಡು ಸಲ ಕೇಳಿದೆ, ಇಬ್ಬರೂ ಅದನ್ನೇ ಹೇಳುತ್ತಾರೆ.

ಇದನ್ನು ಸ್ವತಃ ಮಾಡಿದವರು ಅಥವಾ ಸಿಎ ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಮುಂದಿನ ವರ್ಷ ಚೇರ್‌ನ ಆರಂಭದ ಬೆಲೆ 6.4 ಲಕ್ಷವೋ, 5.92 ಲಕ್ಷವೋ?