ಬಾದಾಮಿ–ಐಹೊಳೆ–ಇಳಕಲ್: ಎರಡು ದಿನಕ್ಕೆ ಯಾವ ದಾರಿ, ಎಲ್ಲಿ ಖರೀದಿ?

ಕೇಳಿದವರು: ಬೆಂಗಳೂರಿಂದ ಕಾರಲ್ಲಿ ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು. ಗುಹೆ, ಗುಡಿ ನೋಡಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ತರಬೇಕು. ಹೋಗಿಬಂದವರು ತಿಳಿಸಿ.

ಹುನಗುಂದದಾಕಿ: ಸೀರಿ ಮಾತು ಮೊದಲ ಹೇಳ್ತೀನಿ. ಕೈಮಗ್ಗದ್ದು ಅಂತ ಅಗ್ಗಕ್ಕ ಮಾರೋದು ಬಹಳಷ್ಟು ಪವರ್‌ಲೂಮು. ಸೀರಿ ತಿರುವಿ ಹಾಕ್ರಿ, ಸೆರಗು ಮೈಗೆ ಕೂಡೋ ಕಡೆ ನೋಡ್ರಿ. ತೋಪ ತೆನಿ ಅನ್ನೋ ಇಳಕಲ್ ನಮೂನಿ ಸೆರಗಾದ್ರ ಮೈಯ ಹಾಸಿನ (ಉದ್ದಕ್ಕಿರೋ) ಎಳಿಗೂ ಸೆರಗಿನ ಎಳಿಗೂ ಕುಣಿಕಿ ಹಾಕಿ ಒಂದರಾಗೊಂದು ಸಿಗಿಸಿರ್ತಾರ, ಬೆರಳಿಗೆ ಸಣ್ಣ ಗೆರಿ ಹತ್ತತೈತಿ. ಅದಕ್ಕಂತ ಒಂದೊಂದು ಸೀರಿಗೂ ಹಾಸು ಬ್ಯಾರೆ ಹೂಡಬೇಕು. ರೇಟು ಏರೋದು ಅಲ್ಲೇ. ಚಿಕ್ಕಿ ಪರಾಸ ಅನ್ನೋ ನಮೂನಿ ದಡೀದು (ಅಂಚಿಂದು) 4,800 ಕೊಟ್ಟು ತಗೊಂಡೀನಿ. ಜಾಸ್ತಿ ಆತು ಅಂದವರಿಗೆ ಆ ಗೆರಿ ತೋರಸ್ತೀನಿ.

ಮೈಸೂರು ಚಾಲಕ: ಸೀರೆ ಆಮೇಲೆ. ಬಾದಾಮಿಯಲ್ಲಿ ಉಳಿದು ಬೆಳಿಗ್ಗೆ ಪಟ್ಟದಕಲ್ಲು (22 ಕಿ.ಮೀ.), ಅಲ್ಲಿಂದ ಐಹೊಳೆ, ಅಮೀನಗಡ, ಹುನಗುಂದ, ಇಳಕಲ್. ಐಹೊಳೆಯಿಂದ ವಾಪಸ್ ಬಾದಾಮಿಗೆ ಬಂದರೆ ಡೀಸೆಲ್ ದಂಡ. ಪುರಾತತ್ವ ಇಲಾಖೆ ಟಿಕೆಟ್ ಪಟ್ಟದಕಲ್ಲಿಗೆ 40, ಗುಹೆಗಳಿಗೂ ಐಹೊಳೆಗೂ 25. ಆನ್‌ಲೈನಲ್ಲಿ ತಗೊಂಡರೆ ತಲೆಗೆ 5 ಉಳಿಯುತ್ತೆ. ಗುಹೆ ಹತ್ತುವಾಗ ಕೈಯಲ್ಲಿ ತಿಂಡಿ ಚೀಲ ಬೇಡ, ಕೋತಿ ಕಿತ್ತುಕೊಳ್ಳುತ್ತೆ.

ಹುನಗುಂದದಾಕಿ: ಹಂಗಾದ್ರ ಇಳಕಲ್ಲಿಗೆ ಮುಟ್ಟೂದ್ರಾಗ ಸಂಜಿ. ಟ್ಯೂಬ್‌ಲೈಟಿನ ಬೆಳಕಿನಾಗ ಬಣ್ಣ ನೋಡ್ತೀರೇನ್ರೀ? ಸೀರಿ ಹಗಲ ಬೆಳಕಿನಾಗ ಆರಿಸಬೇಕು. ಮೊದಲ ಇಳಕಲ್, ಆಮ್ಯಾಲೆ ಬಾದಾಮಿ.

ಮೈಸೂರು ಚಾಲಕ: ನೀವು ಅಂಗಡಿ ನೋಡೋಕೆ ಬಂದವರು, ನಾವು ಗುಡಿ ನೋಡೋಕೆ ಬಂದವರು. ಭೂತನಾಥ ಗುಡಿಗೆ ಸಂಜೆ ಬಿಸಿಲು ಎದುರಿಂದ ಬೀಳುತ್ತೆ. ಅದಕ್ಕೇ ಮೊದಲ ದಿನದ ಸಂಜೆ ಬಾದಾಮಿಗೆ ಇಟ್ಟಿದ್ದು. ಬಿಡೋ ಮಾತೇ ಇಲ್ಲ.

ಖಣದಂಗಡಿ: ಇಬ್ಬರೂ ಗುಳೇದಗುಡ್ಡ ಮರೆತ್ರಲ್ಲ! ಖಣದ ಅಗಲ ಸುಮಾರು 31 ಇಂಚು. ಉದ್ದ ತೋಳಿನ ರವಿಕೆಗೆ ಒಂದು ಸಾಲದು. ಎರಡು ತಗೊಳ್ಳೋದಾದ್ರೆ ಒಂದೇ ಹಾಸಿಂದು ಕೇಳಿ, ಇಲ್ಲದಿದ್ರೆ ಬಣ್ಣ ಒಂದು ಎಳೆ ಆಚೀಚೆ ಆಗುತ್ತೆ. ನನ್ನ ಹತ್ರ ವಾಪಸ್ ಬರೋ ತಕರಾರೆಲ್ಲ ಇದೇ.

ಮಂಡಿಯ ಮಗ: ಮೆಟ್ಟಿಲ ಬಗ್ಗೆ ಒಬ್ಬರೂ ಹೇಳಲಿಲ್ಲ. ಒಂದನೇ ಗುಹೆಯ 18 ಕೈಯ ನಟರಾಜನನ್ನು ನೋಡಿ ಅಮ್ಮ ಕೂರಲಿ. ಚಾಲುಕ್ಯ ರಾಜ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಲೇಶ ಬರೆಸಿದ, 578ರ ಶಾಸನವಿರೋ ಮೂರನೇ ಗುಹೆಗೆ ಇನ್ನೂ ತುಂಬ ಹತ್ತಬೇಕು. ಐಹೊಳೆಯ ಮೇಗುತಿ ಗುಡ್ಡವನ್ನೂ ಬಿಡಿ. ಪಟ್ಟದಕಲ್ಲು ಸಮತಟ್ಟು, ವಿರೂಪಾಕ್ಷ ಗುಡಿವರೆಗೂ ನಿಧಾನ ನಡೀಬಹುದು. ಊಟಕ್ಕೆ ಬನಶಂಕರಿ ಗುಡಿ ಹತ್ರ ರೊಟ್ಟಿ, ಕೆಂಪು ಚಟ್ನಿ, ಕುಡಿಕೆ ಮೊಸರು.

ಮೈಸೂರು ಚಾಲಕ: ಅಮೀನಗಡದಲ್ಲಿ ಕರದಂಟು (ತಿನ್ನೋ ಅಂಟು, ಬೆಲ್ಲ, ಒಣಹಣ್ಣಿನ ಸಿಹಿ) ಮರೀಬೇಡಿ.

ಗೋಕಾಕದವ: ಕರದಂಟು ಅಂದ್ರ ಗೋಕಾಕದ್ದು!

ಹುನಗುಂದದಾಕಿ: ಊರ ಹೆಸರು ತಿನ್ನಾಕ ಬರೂದಿಲ್ಲಣ್ಣ. ಅಂಟು ತುಪ್ಪದಾಗ ಪೂರಾ ಅರಳಿರಬೇಕು. ಒಳಗ ಹಸಿ ಉಳದ್ರ ಹಲ್ಲಿಗೆ ಹತ್ಕೋತೈತಿ. ಒಂದು ತುಂಡು ಮುರಿದು ತಿಂದು ನೋಡಿ ಆಮ್ಯಾಲೆ ಕಿಲೋ ಕಟ್ಟಸ್ರಿ.