ಅಪ್‌ಡೇಟ್: ಮರುಮದುವೆ ಆದ್ರೆ ಗಂಡನ ಜಮೀನು ಹೋಗುತ್ತಾ ಅಂತ ಕೇಳಿದ್ನಲ್ಲ

ಮದ್ದೂರು ಕಡೆಯವಳು, ಹೋದ ತಿಂಗಳು ಇಲ್ಲೇ ಕೇಳಿದ್ದೆ. ಯಜಮಾನರು ತೀರಿಕೊಂಡು ಮೂರು ವರ್ಷ, ಒಬ್ಬಳು ಮಗಳು. ಪಂಪ್‌ಸೆಟ್ ರಿಪೇರಿ ಮಾಡೋರೊಬ್ಬರು ನನ್ನನ್ನ ಮದುವೆ ಆಗ್ತೀನಿ ಅಂದ್ರು. ಅಷ್ಟಕ್ಕೇ ಭಾವ (ಯಜಮಾನರ ಅಣ್ಣ) "ಹಂಗಾದ್ರೆ ಜಮೀನು ಬಿಟ್ಟು ಹೋಗು" ಅಂದಿದ್ರು.

ಊರಿನ ಹಿರಿಯರನ್ನ ಕೂರಿಸಿ ಮಾತಾಡಿ ಅಂತ ನಿಮ್ಮಲ್ಲಿ ಕೆಲವರು ಅಂದಿದ್ರಲ್ಲ, ಅದು ಪೂರ್ತಿ ಕೆಟ್ಟೋಯ್ತು. ಜಮೀನಿನ ಮಾತು ಪಕ್ಕಕ್ಕೋಗಿ ನಾನು ಯಾರ ಬೈಕಲ್ಲಿ ಕೂತಿದ್ದೆ ಅನ್ನೋದೇ ವಿಚಾರಣೆ!

ಕೆಲಸಕ್ಕೆ ಬಂದಿದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಂದವರ ಸಲಹೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ವಕೀಲರು ಉಚಿತ. ಜಮೀನು ಯಜಮಾನರೇ ದುಡಿದು ಕೊಂಡಿದ್ದು, ವಿಲ್ ಇಲ್ಲ. ಹಂಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರು ತೀರಿಕೊಂಡ ದಿನವೇ ನನ್ನ ಪಾಲು ನನ್ನದು, ಆಮೇಲೆ ಮದುವೆಯಾದ್ರೂ ಹೋಗಲ್ಲ. ಮರುಮದುವೆಯಾದ್ರೆ ಕಳ್ಕೊಳ್ಳೋದು 1856ರ ಹಳೇ ಕಾಯ್ದೆಯಲ್ಲಿತ್ತಂತೆ. ಭಾವ ಇನ್ನೂ ಆ ಕಾಲದಲ್ಲೇ ಅವ್ರೆ.

ನನಗೆ ಗೊತ್ತೇ ಇಲ್ಲದ್ದು: ಅತ್ತೆಗೂ ಸಮಪಾಲು. ನಾನು, ಮಗಳು, ಅತ್ತೆ, ಮೂರು ಭಾಗ. ಭಾವನಿಗೆ ಏನೂ ಇಲ್ಲ. ಮೂವರ ಹೆಸರಿಗೂ ಪೌತಿ ಖಾತೆಗೆ (ತೀರಿಕೊಂಡವರ ಹೆಸರಲ್ಲಿರೋ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡಿಸೋದು) ಅರ್ಜಿ ಕೊಟ್ಟಿದ್ದೀವಿ.

ಅತ್ತೆ ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರೆಸ್ಕೊಂಡು ಏನೂ ಮಾತಾಡದೆ ಬಸ್ ಹತ್ತಿದ್ರು. ಮಾರನೇ ಬೆಳಿಗ್ಗೆ ಡೈರಿ ಸಾಲಲ್ಲಿ ಯಾರೋ ಪಿಸುಗುಟ್ಟಿದ್ದಕ್ಕೆ ಕ್ಯಾನ್ ಕೆಳಗಿಟ್ಟು, "ನನ್ ಸೊಸೆ ಮದ್ವೆ ಆಯ್ತಾವ್ಳೆ, ಊಟುಕ್ ಬನ್ರವ್ವ" ಅಂದ್ರಂತೆ.