ಕಲೆ ತೆಗೆಯಲು ಹೋಗಿ ಹಲ್ಲು ಸವೆಸಬೇಡಿ

ಅಕ್ಕಾ, ನಿಮ್ಮ ಮೆಸೇಜ್ ಈಗ ಕೇಳಿದೆ. ಕ್ಲಿನಿಕ್ಕಿನಲ್ಲಿ ರಶ್ ಇತ್ತು, ಅದಕ್ಕೇ ತಡ ಆಯಿತು. ಸ್ವಲ್ಪ ಉದ್ದ ಹೇಳುತ್ತೇನೆ, ಪೂರ್ತಿ ಕೇಳಿ. ಗ್ರೂಪಿನಲ್ಲಿ ಬಾಕಿಯವರೂ ಕೇಳಲಿ. ಮುಂಡರಗಿ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಇದೇ ನಡೆದಿದೆ.

ಹುಡುಗನಿಗೆ ಹೆಣ್ಣು ನೋಡುತ್ತಿದ್ದೀರಿ. ಮುಂದಿನ ಹಲ್ಲಿನ ಕಂದು ಕಲೆ ಹೋಗಲಿ ಅಂತ ಅವನು ಗಟ್ಟಿ ಬ್ರಷ್ ತಗೊಂಡು, ಇದ್ದಿಲ ಪುಡಿ ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ತಿಕ್ಕುತ್ತಿದ್ದಾನೆ. ಈಗ ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿದೆ. ಇನ್ನೂ ಒಳ್ಳೆ ಪುಡಿ ಯಾವುದಿದೆ ಅಂತ ನೀವು ಕೇಳಿದ್ದೀರಿ, ಕಾಕಾ ಉಪ್ಪು-ಬೂದಿ ಹೇಳಿದ್ದಾರೆ. ಕಾಕಾ, ದಯವಿಟ್ಟು ಬೇಡ್ರಿ. ಇರುವ ಪುಡಿಯನ್ನೂ ಅವನು ಇವತ್ತೇ ಬಿಡಲಿ.

ನೀವು ಕಳಿಸಿದ ಫೋಟೋ ನೋಡಿದರೆ ಅದು ಫ್ಲೋರೈಡ್ ಕಲೆಯ ಹಾಗೆ ಕಾಣುತ್ತದೆ. ಕೈಯಾರೆ ನೋಡಿದ ಮೇಲೇ ಪಕ್ಕಾ ಹೇಳಬೇಕು. ಆದರೆ ನಿಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಇದು ಎಲ್ಲರಿಗೂ ಗೊತ್ತಿರುವ ಮಾತು. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಅನ್ನುವುದು ನಮ್ಮ ದೇಶದ ಲೆಕ್ಕ. ಚಿಕ್ಕ ವಯಸ್ಸಿನಲ್ಲಿ, ಹಲ್ಲು ಇನ್ನೂ ದವಡೆಯ ಒಳಗೇ ತಯಾರಾಗುವಾಗ ಆ ನೀರು ಕುಡಿದರೆ ಕಲೆ ಹಲ್ಲಿನಲ್ಲೇ ಸೇರಿಬಿಡುತ್ತದೆ. ಇಳಕಲ್ ಸೀರೆಯ ನೂಲಿಗೇ ಹಾಕಿದ ಬಣ್ಣ ಒಗೆದರೆ ಹೋಗುತ್ತಾ? ಹಾಗೇ ಇದು. ಎಲೆ-ಅಡಿಕೆ, ಚಹಾದ ಕಲೆ ಬೇರೆ, ಅದು ಮೇಲೆ ಕೂತಿರುತ್ತದೆ. ಅದನ್ನೂ ಕ್ಲಿನಿಕ್ಕಿನಲ್ಲಿ ಕ್ಲೀನ್ ಮಾಡಿಸಬೇಕು, ಮನೆಯಲ್ಲಿ ಉಜ್ಜಿ ಉಜ್ಜಿ ತೆಗೆಯೋದಲ್ಲ.

ಕಲೆ ಅಲ್ಲೇ ಉಳಿಯಿತು. ಹೋಗಿದ್ದು ಏನು ಅಂತ ಕೇಳಿ. ಹಲ್ಲಿನ ಮೇಲಿನ ಬಿಳಿ ಪದರ ಎನಾಮೆಲ್, ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇಲ್ಲ. ಆದರೆ ಒಮ್ಮೆ ಸವೆದರೆ ಮತ್ತೆ ಬೆಳೆಯೋದಿಲ್ಲ. ಒಸಡಿನ ಹತ್ತಿರ ಅದು ತೀರಾ ತೆಳ್ಳಗಿರುತ್ತದೆ, ಒಸಡಿನ ಕೆಳಗೆ ಬೇರಿನ ಮೇಲೆ ಇರೋದೇ ಇಲ್ಲ. ಜೋರಾಗಿ ತಿಕ್ಕಿದರೆ ಒಸಡು ಮೇಲಕ್ಕೆ ಸರಿಯುತ್ತದೆ, ಮೆತ್ತಗಿನ ಬೇರು ಹೊರಗೆ ಬೀಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೊಳವೆಗಳಿವೆ. ತಣ್ಣೀರು ತಾಗಿದ ಕೂಡಲೇ ನರಕ್ಕೆ ಗೊತ್ತಾಗುವುದು ಅದರ ಮೂಲಕವೇ. ಸರಿದ ಒಸಡು ತಾನಾಗಿ ವಾಪಸ್ ಬರೋದಿಲ್ಲ, ಅಕ್ಕಾ.

ಒಂದು ಕೆಲಸ ಮಾಡಿ. ಅವನಿಗೆ ಕೈ ತೊಳೆದು ಕನ್ನಡಿ ಮುಂದೆ ನಿಲ್ಲಲು ಹೇಳಿ. ಮೇಲಿನ ಎಡಗಡೆ ತುಟಿ ಎತ್ತಿ, ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲಿನ ಮೇಲೆ, ಒಸಡು ಸೇರುವ ಜಾಗದಲ್ಲಿ ಉಗುರನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಲಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕಚ್ಚು ಬಿದ್ದಿದೆ ಅಂತ. ಬಲಗೈಯಲ್ಲಿ ತಿಕ್ಕುವವರಿಗೆ ಇದು ಹೆಚ್ಚಾಗಿ ಎಡಗಡೆಯೇ, ಅಲ್ಲಿ ಕೈಯ ಒತ್ತಡ ಜೋರು ಬೀಳುತ್ತದೆ. ಕಚ್ಚು ಆಳ ಇದ್ದರೆ ತುಂಬಿಸಬೇಕಾಗುತ್ತದೆ.

ಇಷ್ಟು ಹೇಳಿದೆ ಅಂತ ತಿಕ್ಕೋದನ್ನೇ ಬಿಟ್ಟುಬಿಡಬೇಡಿ ಮತ್ತೆ! ಒಸಡಿನಲ್ಲಿ ರಕ್ತ ಬಂತು ಅಂತ ಆ ಜಾಗ ಬಿಟ್ಟು ಉಜ್ಜುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಕೊಳೆ ಕೂತು ರಕ್ತ ಇನ್ನೂ ಜಾಸ್ತಿಯಾಗುತ್ತದೆ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಸಾಕು. ರಾತ್ರಿ ಮಲಗುವ ಮುಂಚಿನದನ್ನು ಮಾತ್ರ ತಪ್ಪಿಸಬಾರದು. ಪ್ಯಾಕೆಟ್ ಮೇಲೆ ಸಾಫ್ಟ್ ಅಂತ ಬರೆದ ಬ್ರಷ್ಷೇ ತಗೊಳ್ಳಿ. ಅದನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನು ಹಿಡಿದ ಹಾಗೆ ಬೆರಳಲ್ಲಿ ಹಿಡಿಯಲಿ, ಒತ್ತಡ ತಾನೇ ಕಡಿಮೆಯಾಗುತ್ತದೆ. ಒಸಡಿನ ಕಡೆ ಸ್ವಲ್ಪ ಓರೆ ಇಟ್ಟು, ಇದ್ದ ಜಾಗದಲ್ಲೇ ಸಣ್ಣಗೆ ಸುತ್ತಿಸಬೇಕು. ಹಲ್ಲಿನ ಕೊಳೆ ಮೆತ್ತಗಿರುತ್ತದೆ, ಅದಕ್ಕೆ ಜೋರು ಬೇಕಿಲ್ಲ. ಲಿಂಬು ಸೋಡಾ ಕುಡಿದ ತಕ್ಷಣ ಬೇಡ, ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ತಡೆಯಲಿ. ಹುಳಿಗೆ ಎನಾಮೆಲ್ ಮೆತ್ತಗಾಗಿರುತ್ತದೆ.

ಇನ್ನೊಂದು. ಫ್ಲೋರೈಡಿನಿಂದ ಕಲೆ ಬಂತು ಅಂದರೆ ಫ್ಲೋರೈಡ್ ಪೇಸ್ಟೂ ಬೇಡವಾ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ದೊಡ್ಡವರ ಹಲ್ಲು ಆಗಲೇ ತಯಾರಾಗಿದೆ, ಅದಕ್ಕೆ ಹೊಸ ಕಲೆ ಬರೋದಿಲ್ಲ. ಪೇಸ್ಟ್ ಹುಳುಕು ತಡೆಯುತ್ತದೆ, ಉಗುಳಿದರಾಯಿತು. ಲಕ್ಷ್ಯ ಕೊಡಬೇಕಾದ್ದು ನಿಮ್ಮ ಮನೆಯ ಸಣ್ಣ ಕೂಸಿಗೆ. ಮೂರು ವರ್ಷ ತುಂಬುವ ತನಕ ಪೇಸ್ಟ್ ಒಂದು ಅಕ್ಕಿಕಾಳಿನಷ್ಟು ಸಾಕು. ಕುಡಿಯಲಿಕ್ಕೆ, ಅಡುಗೆಗೆ ಬೋರ್ ನೀರು ಬೇಡವೇ ಬೇಡ. ಕಾಯಿಸಿದರೂ ಫ್ಲೋರೈಡ್ ಹೋಗೋದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. ಊರಿನ ಆರ್‌ಒ ಘಟಕದಿಂದ ಕ್ಯಾನ್ ತರಿಸಿ.

ಹುಡುಗನ ಕಲೆಗೆ ದಾರಿ ಇದೆ, ಸುಮ್ನೆ ಚಿಂತೆ ಮಾಡಬೇಡಿ. ಕಲೆ ತೆಳುವಾಗಿದ್ದರೆ ಮೇಲಿನ ಪದರವನ್ನು ಕೂದಲೆಳೆಯಷ್ಟು ಹದವಾಗಿ ತೆಗೆಯುತ್ತಾರೆ, ಬ್ಲೀಚ್ ಮಾಡುತ್ತಾರೆ. ಗಾಢವಾಗಿದ್ದರೆ ಹಲ್ಲಿನ ಬಣ್ಣದ್ದೇ ಲೇಪ. ಆದರೆ ಮೊದಲು ಜುಮ್ ಅನ್ನೋದು ಕಡಿಮೆಯಾಗಬೇಕು, ಒಸಡು ಸುಧಾರಿಸಬೇಕು. ನನ್ನ ಹತ್ತಿರ ಹುಬ್ಬಳ್ಳಿಗೆ ಬರಲಿ. ಇಲ್ಲವೇ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿಗೆ ತೋರಿಸಿ. ಹೆಣ್ಣಿನ ಕಡೆಯವರು ಬರುವ ಹಿಂದಿನ ದಿನ ಓಡಿ ಬರಬೇಡಿ, ಈ ವಾರವೇ ಬನ್ನಿ. ಈಗ ವಾಪರಿಸುವ ಬ್ರಷ್ಷನ್ನೂ ತರಲಿ, ಎಳೆ ಯಾವ ಕಡೆ ಬಾಗಿದೆ ಅಂತ ನೋಡಿದರೆ ಕೈ ಎಲ್ಲಿ ಜೋರಾಗುತ್ತಿದೆ ಅಂತ ತಿಳಿಯುತ್ತದೆ.